ಕರೆ ಬಾರದ ಕೊಟ್ಟಿಗೆ

ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಪಶುವೈದ್ಯೆಯಾಗಿ ಹನ್ನೊಂದು ವರ್ಷ ಓಡಾಡಿದ್ದೇನೆ. ಅಷ್ಟೂ ವರ್ಷ ಯಾರಾದರೂ ಕರೆದರೇ ನಾನು ಕೊಟ್ಟಿಗೆಗೆ ಹೋಗುತ್ತಿದ್ದೆ. ನಡುರಾತ್ರಿಯ ಫೋನು, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂದ ಚೀಟಿ, ಬೆಳಗಾಗುವ ಮೊದಲೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕುಳಿತ ಮುದುಕ. "ಡಾಕ್ಟರಮ್ಮ, ನಿನ್ನೆ ಸಂಜೆಯಿಂದ ಮೆಲುಕು ಹಾಕಿಲ್ಲ" ಎಂಬ ಒಂದು ಮಾತು ಕಿವಿಗೆ ಬಿದ್ದರೆ ನನ್ನ ಅರ್ಧ ಕೆಲಸ ಅಲ್ಲಿಯೇ ಮುಗಿದಂತೆ. ಆಮೇಲೆ ಶಿವಮೊಗ್ಗಕ್ಕೆ ಬಂದೆ. ಇಲ್ಲಿನ ಒಂದು ಉನ್ನತ ಶಿಕ್ಷಣ ಸಂಸ್ಥೆಯವರು ತಮ್ಮ ಸಂಶೋಧನಾ ವಿಭಾಗದ ಪ್ರಾಣಿಗೃಹಕ್ಕೆ, ಅಂದರೆ ಎಲ್ಲರೂ ಅನಿಮಲ್ ಹೌಸ್ ಎನ್ನುವ ಆ ಹಿಂಬದಿಯ ಕಟ್ಟಡಕ್ಕೆ, ಪಶುವೈದ್ಯೆಯಾಗಿ ಬರಬೇಕೆಂದು ಕೇಳಿದರು. ಒಪ್ಪಿಕೊಂಡೆ. ವಾರಕ್ಕೆ ಒಂದು ದಿನದ ಕೆಲಸ. ಮೂರು ವರ್ಷ ಕಳೆದರೂ ಆ ಮನೆಯಿಂದ ನನಗೆ ಒಂದೇ ಒಂದು ಕರೆ ಬರಲಿಲ್ಲ. ಮೊದಮೊದಲು ಅದನ್ನು ಒಳ್ಳೆಯ ಲಕ್ಷಣವೆಂದೇ ತಿಳಿದಿದ್ದೆ. ಅಲ್ಲಿ ಎಲ್ಲವೂ ಸರಿಯಾಗಿದೆ, ಪ್ರಾಣಿಗಳು ಆರೋಗ್ಯವಾಗಿವೆ, ಅದಕ್ಕೇ ಯಾರೂ ಕರೆಯುತ್ತಿಲ್ಲ ಎಂದು.

ಹಳ್ಳಿಯ ಕೊಟ್ಟಿಗೆಗೂ ಈ ಪ್ರಾಣಿಗೃಹಕ್ಕೂ ಇರುವ ವ್ಯತ್ಯಾಸ ನನಗೆ ಅರ್ಥವಾಗಲು ಒಂದು ಮೊಲ ಸಾಯಬೇಕಾಯಿತು.

ಎಡಕ್ಕೆ ಮಲಗಿದ ಹಸು

ಅದಕ್ಕೂ ಮೊದಲು ಹಳ್ಳಿಯ ಒಂದು ರಾತ್ರಿಯನ್ನು ಹೇಳಬೇಕು. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕಡೆಯ ಒಂದು ಒಂಟಿಮನೆ, ಪುನರ್ವಸು ಮಳೆ ಹೊಯ್ಯುತ್ತಿದ್ದ ಹೊತ್ತು. ಗಿಡ್ಡ ತಳಿಯ ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು. ಕರುವಿನ ಮುಂಗಾಲೆರಡೂ ಬಂದಿದ್ದವು, ತಲೆ ಮಾತ್ರ ಹಿಂದಕ್ಕೆ ಹೊರಳಿ ಸಿಕ್ಕಿಕೊಂಡಿತ್ತು. ಮಲೆನಾಡು ಗಿಡ್ಡದ ಮೈ ಎಷ್ಟು ಸಣ್ಣದೆಂದು ಬಲ್ಲವರಿಗೆ ಒಳಗೆ ಕೈ ಆಡಿಸಲು ಎಷ್ಟು ಜಾಗವಿರುತ್ತದೆ ಎಂಬುದೂ ಗೊತ್ತು. ನಾನು ಸೆರಗು ಸಿಕ್ಕಿಸಿ, ತೋಳಿಗೆ ಸೋಪು ಹಚ್ಚಿ ದರಗಿನ ಮೇಲೆ ಮಗ್ಗುಲಾಗಿ ಮಲಗಿದ್ದೆ. ಮನೆಯ ಅಜ್ಜಿ ಹಸುವಿನ ಹಣೆಯ ಮೇಲೆ ಕೈ ಇಟ್ಟು ಕುಳಿತವರು ಮುಕ್ಕಾಲು ಗಂಟೆ ಕೈ ತೆಗೆಯಲಿಲ್ಲ. ಕರು ಉಳಿಯಿತು. ಕೈ ತೊಳೆಯುವಾಗ, "ನಿಮಗೆ ಯಾವಾಗ ಅನುಮಾನ ಬಂತು ಅಜ್ಜಿ?" ಎಂದು ಕೇಳಿದೆ. "ಮಧ್ಯಾಹ್ನವೇ. ಅವಳು ಯಾವತ್ತೂ ಎಡಕ್ಕೆ ಮಲಗುವವಳಲ್ಲ. ಇವತ್ತು ಎಡಕ್ಕೆ ಮಲಗಿದಳು" ಎಂದರು.

ಹಸುವಿಗೆ ಮಾತು ಬಾರದಿದ್ದರೂ ಅದರ ಪರವಾಗಿ ಮಾತಾಡುವ ನಾಲಗೆಯೊಂದು ಆ ಮನೆಯಲ್ಲಿತ್ತು. ಅದು ಯಾವ ಮಗ್ಗುಲಿಗೆ ಮಲಗುತ್ತದೆ ಎಂದು ಬಲ್ಲ ಒಬ್ಬರಿದ್ದರು. ಪಶುವೈದ್ಯ ವೃತ್ತಿ ನಿಂತಿರುವುದೇ ಇಂಥ ನಾಲಗೆಗಳ ಮೇಲೆ. ಪ್ರಾಣಿ ನರಳಿದರೆ ಮನೆಯವರಿಗೆ ನಷ್ಟ, ಸಂಕಟ. ಆದ್ದರಿಂದ ಅವರು ವೈದ್ಯರನ್ನು ಕರೆಯುತ್ತಾರೆ. ಪ್ರಾಣಿಗೃಹದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಎಷ್ಟೋ ಸಲ ಪ್ರಾಣಿಯನ್ನು ತಂದದ್ದೇ ಅದಕ್ಕೆ ಕಾಯಿಲೆ ಬರಿಸಲು, ಗಾಯ ಮಾಡಲು. ಕಾಯಿಲೆ ಬಂತೆಂದರೆ ಪ್ರಯೋಗ ನಡೆಯುತ್ತಿದೆ ಎಂದರ್ಥ. ಹಾಗಿರುವಾಗ ವೈದ್ಯರನ್ನು ಕರೆಯುವವರು ಯಾರು?

ಮಳೆಗಾಲದ ಕೋಣೆ

ಹೊರಗಿನವರಿಗೆ ಪ್ರಾಣಿಗೃಹವೆಂದರೆ ಬಿಳಿ ಕೋಟು, ಸೂಜಿ, ಪಂಜರ. ನನಗೆ ಮೊದಲು ಕಂಡದ್ದು ಉಮಿ. ಇಲಿಗಳ ಪೆಟ್ಟಿಗೆಗೆ ಹಾಸುವ ಭತ್ತದ ಉಮಿ ಮಲೆನಾಡಿನ ಜುಲೈ ತಿಂಗಳಲ್ಲಿ ಒಣಗುವುದೇ ಇಲ್ಲ. ಇಂಥ ಕೋಣೆಗಳಲ್ಲಿ ಗಾಳಿಯ ತೇವಾಂಶ ಶೇ 30ರಿಂದ 70ರೊಳಗೆ ಇರಬೇಕೆಂದು ನಮ್ಮ ದೇಶದ ಮಾರ್ಗಸೂಚಿ ಹೇಳುತ್ತದೆ. ಇಲ್ಲಿ ಪುಷ್ಯ ಮಳೆ ಹಿಡಿದಾಗ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ. ತೇವ ಹೀರಿದ ಉಮಿಯಲ್ಲಿ ಮೂತ್ರ ಕೊಳೆತು ಅಮೋನಿಯಾ ಏಳುತ್ತದೆ. ಬಾಗಿಲು ತೆರೆದ ತಕ್ಷಣ ನಮ್ಮ ಕಣ್ಣು ಉರಿಯಿತೆಂದರೆ, ಅಂಗೈಯಷ್ಟು ಎತ್ತರದಲ್ಲಿ ಹಗಲೂ ರಾತ್ರಿ ಅದನ್ನೇ ಉಸಿರಾಡುವ ಇಲಿಯ ಶ್ವಾಸಕೋಶ ಏನಾಗಿರಬೇಕು? ಇಲಿಗಳಲ್ಲಿ ಮೊದಲೇ ಅಡಗಿರುವ ಮೈಕೋಪ್ಲಾಸ್ಮಾದಂಥ ಸೋಂಕು ಇಂಥ ಗಾಳಿಯಲ್ಲಿ ಕೆರಳುತ್ತದೆ. ಆಮೇಲೆ ವಿದ್ಯಾರ್ಥಿ ತಾನು ಕೊಟ್ಟ ಔಷಧದಿಂದ ಇಲಿ ಸೊರಗಿತೆಂದು ಬರೆಯುತ್ತಾನೆ. ಸೊರಗಿದ್ದು ಕೋಣೆಯಿಂದ.

ಒಂದು ಸಲ ಎಂಎಸ್ಸಿ ಹುಡುಗಿಯೊಬ್ಬಳು ಗಾಬರಿಯಿಂದ ಬಂದು, "ಮೇಡಂ, ಇಲಿಯ ಕಣ್ಣಿನಿಂದ ರಕ್ತ ಬರುತ್ತಿದೆ" ಎಂದಳು. ನೋಡಿದರೆ ಕಣ್ಣಿನ ಅಂಚಿಗೂ ಮೂಗಿನ ಹೊಳ್ಳೆಗೂ ಕುಂಕುಮ ಕದಡಿದಂಥ ಕೆಂಪು. ಅದು ರಕ್ತವಲ್ಲ. ಇಲಿಯ ಕಣ್ಣಿನ ಹಿಂದೆ ಹಾರ್ಡೇರಿಯನ್ ಎಂಬ ಗ್ರಂಥಿಯಿದೆ. ಅದು ಸುರಿಸುವ ಪಾರ್ಫಿರಿನ್ ಎಂಬ ವರ್ಣದ್ರವ್ಯ ಅಷ್ಟು ಕೆಂಪಾಗಿರುತ್ತದೆ. ಆರೋಗ್ಯವಾದ ಇಲಿ ಮುಂಗಾಲಿನಿಂದ ಮುಖ ಒರೆಸಿ ಒರೆಸಿ ಅದನ್ನು ತೆಗೆದುಬಿಡುತ್ತದೆ. ಮೈಗೆ ಸೌಖ್ಯವಿಲ್ಲದೆಯೋ ಭಯದಿಂದಲೋ ಮುಖ ಒರೆಸಿಕೊಳ್ಳುವುದನ್ನು ಬಿಟ್ಟಾಗ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಹುಡುಗಿ ಬಹಳ ಹೊತ್ತು ಆ ಇಲಿಯನ್ನೇ ನೋಡುತ್ತ ನಿಂತಳು. ಆ ದಿನದಿಂದ ಅವಳು ತೂಕ ಬರೆಯುವ ಮೊದಲು ಇಲಿಯ ಮುಖ ನೋಡತೊಡಗಿದಳು.

ಪ್ರಾಣಿಗೃಹದ ವೈದ್ಯರ ಕೆಲಸದ ದೊಡ್ಡ ಪಾಲು ಇಂಥದ್ದೇ. ಹೊಸದಾಗಿ ಬಂದ ಪ್ರಾಣಿಗಳನ್ನು ಬೇರೆ ಇಟ್ಟು ಗಮನಿಸುವುದು, ಅರಿವಳಿಕೆಯ ಪ್ರಮಾಣ ಹೇಳುವುದು, ಲೆಕ್ಕದ ಪುಸ್ತಕ ನೋಡುವುದು ಇವೆಲ್ಲ ಇದ್ದದ್ದೇ. ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಕೈಗಳನ್ನು ಪಳಗಿಸುವ ಕೆಲಸ. ಮೊಲವನ್ನು ಕಿವಿ ಹಿಡಿದು ಎತ್ತುವವರನ್ನು ಇಂದಿಗೂ ಕಾಣುತ್ತೇನೆ. ಮೊಲದ ಮೂಳೆ ಹಗುರ, ಹಿಂಗಾಲಿನ ಸ್ನಾಯು ಬಲವಾದದ್ದು. ಹಿಂಭಾಗಕ್ಕೆ ಆಸರೆ ಕೊಡದೆ ಎತ್ತಿದರೆ ಅದು ಗಾಳಿಯಲ್ಲಿ ಒದ್ದ ಒದೆತಕ್ಕೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು. ಆದ್ದರಿಂದ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಪೃಷ್ಠದ ಕೆಳಗೆ, ಮುಖವನ್ನು ನಮ್ಮ ಕಂಕುಳಿಗೆ ಹುದುಗಿಸಿಕೊಂಡು ಎತ್ತಬೇಕು. ಕತ್ತಲು ಸಿಕ್ಕಿದೊಡನೆ ಮೊಲ ಸುಮ್ಮನಾಗುತ್ತದೆ. ಇದನ್ನು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ. ಪ್ರತಿ ವರ್ಷ ಒಬ್ಬರಾದರೂ, "ಮೇಡಂ, ಇದರ ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತದೆ!" ಎನ್ನುತ್ತಾರೆ.

ಶನಿವಾರ

ಈಗ ಆ ಮೊಲದ ಮಾತು. ಗಾಯ ಮಾಯಿಸುವ ಗುಣವಿದೆಯೆಂದು ನಮ್ಮ ಕಡೆ ಹಳಬರು ಹೇಳುವ ಒಂದು ಸೊಪ್ಪಿನ ಸಾರವನ್ನು ಪರೀಕ್ಷಿಸುವ ಪ್ರಯೋಗ. ಅರಿವಳಿಕೆ ಕೊಟ್ಟು ಮೊಲಗಳ ಬೆನ್ನಿನ ಮೇಲೆ ಅಳತೆಯ ಗಾಯ ಮಾಡಿ, ಕೆಲವಕ್ಕೆ ಸೊಪ್ಪಿನ ಮುಲಾಮು, ಕೆಲವಕ್ಕೆ ಪೇಟೆಯ ಮುಲಾಮು, ಕೆಲವಕ್ಕೆ ಏನೂ ಇಲ್ಲ. ಗೊತ್ತಾದ ದಿನಗಳಲ್ಲಿ ಗಾಯ ಎಷ್ಟು ಕುಗ್ಗಿತೆಂದು ಅಳೆಯುವುದು. ಉದ್ದೇಶ ಒಳ್ಳೆಯದು, ಪ್ರಸ್ತಾವ ಅಚ್ಚುಕಟ್ಟಾಗಿತ್ತು, ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿ ಒಪ್ಪಿಗೆ ಕೊಟ್ಟಿತ್ತು.

ಆ ಶನಿವಾರ ನನ್ನ ಪಾಳಿಯಲ್ಲ. ಹಿಂದಿನ ವಾರ ಮರೆತು ಬಿಟ್ಟಿದ್ದ ಕೊಡೆ ತೆಗೆದುಕೊಳ್ಳಲು ಒಳಹೊಕ್ಕೆ. ಮೊಲಗಳ ಕೋಣೆ ದಾಟುವಾಗ ಕಟ್ ಕಟ್ ಎಂದು ಮೆಲ್ಲಗೆ ಹಲ್ಲು ಮಸೆಯುವ ಸದ್ದು. ಮೂರನೆಯ ಪಂಜರದ ಮೊಲ ಗೋಡೆಯ ಮೂಲೆಗೆ ಮುಖ ಮಾಡಿ, ಬೆನ್ನು ಗೂನು ಮಾಡಿ, ಕಣ್ಣು ಅರ್ಧ ಮುಚ್ಚಿ ಕುಳಿತಿತ್ತು. ಹಾಕಿದ ಆಹಾರ ಹಾಗೆಯೇ ಇತ್ತು. ಬಗ್ಗಿ ಕೆಳಗಿನ ತಟ್ಟೆ ಎಳೆದು ನೋಡಿದೆ. ಉಳಿದ ಪಂಜರಗಳ ತಟ್ಟೆಯಲ್ಲಿ ಮೆಣಸಿನ ಕಾಳು ಚೆಲ್ಲಿದಂತೆ ಹಿಕ್ಕೆ. ಇದರ ತಟ್ಟೆ ಬರಿದು. ಮೊಲದ ಕರುಳು ನಿಂತರೆ ಅದರ ಬದುಕು ನಿಂತಂತೆ. ನೋವಾದರೆ ತಿನ್ನುವುದನ್ನು ಬಿಡುತ್ತದೆ, ತಿನ್ನದಿದ್ದರೆ ಕರುಳು ನಿಲ್ಲುತ್ತದೆ, ಕರುಳು ನಿಂತರೆ ಹೊಟ್ಟೆಯುಬ್ಬರದಿಂದ ಮತ್ತಷ್ಟು ನೋವು. ಈ ಸುತ್ತು ಎರಡು ಮೂರು ದಿನಗಳಲ್ಲಿ ಮುಗಿದುಹೋಗುತ್ತದೆ.

ಪಂಜರ ತೊಳೆಯುವ ಸಹಾಯಕ ಬಾಗಿಲಲ್ಲಿ ನಿಂತಿದ್ದರು. ಇಪ್ಪತ್ತು ವರ್ಷದಿಂದ ಅಲ್ಲಿ ದುಡಿಯುತ್ತಿರುವವರು. "ಯಾವಾಗಿನಿಂದ ಹೀಗಿದೆ?" ಎಂದೆ. "ಗುರುವಾರದಿಂದ ಮೇಡಂ. ಹಿಕ್ಕೆ ನಿಂತದ್ದು ನಿನ್ನೆ." "ಯಾರಿಗಾದರೂ ಹೇಳಿದಿರಾ?" ಅವರು ನೆಲ ನೋಡಿದರು. "ಯಾರಿಗೆ ಹೇಳುವುದು ಮೇಡಂ? ಪ್ರಯೋಗದ ಪ್ರಾಣಿಯಲ್ಲವೇ. ಹೀಗೆಯೇ ಇರಬೇಕೇನೋ ಅಂದುಕೊಂಡೆ."

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಎಡಕ್ಕೆ ಮಲಗಿದ್ದನ್ನು ಕಂಡ ಅಜ್ಜಿಯ ಕಣ್ಣೇ ಇವರಿಗೂ ಇತ್ತು. ಕಂಡದ್ದನ್ನು ಹೇಳಲು ಮಾತ್ರ ಇವರಿಗೆ ಯಾರೂ ದಾರಿ ಬಿಟ್ಟಿರಲಿಲ್ಲ.

ಆ ಪ್ರಯೋಗ ನಡೆಸುತ್ತಿದ್ದ ವಿದ್ಯಾರ್ಥಿನಿಗೆ ಫೋನು ಮಾಡಿದೆ. ಗೈಡ್ ಬೆಂಗಳೂರಿನಲ್ಲಿದ್ದಾರೆ, ಸೋಮವಾರ ಅಳತೆಯ ದಿನ, ಒಂದು ಮೊಲ ಕಡಿಮೆಯಾದರೆ ಆ ಗುಂಪಿನ ಲೆಕ್ಕ ಕೂಡಿಬರುವುದಿಲ್ಲ, ಎರಡು ದಿನ ಕಾಯಬಹುದೇ ಎಂದಳು. ಅವಳ ದನಿಯಲ್ಲಿ ಕಲ್ಲೆದೆಯೇನೂ ಇರಲಿಲ್ಲ, ಹೆದರಿಕೆ ಇತ್ತು. ನೋವಿನ ಔಷಧ ಯಾಕೆ ಮುಂದುವರಿಸಲಿಲ್ಲ ಎಂದು ಕೇಳಿದೆ. ಅದು ಉರಿಯೂತವನ್ನು ತಗ್ಗಿಸುತ್ತದೆ, ಗಾಯ ಮಾಯುವುದರ ಮೇಲೆ ಪರಿಣಾಮ ಬೀರುತ್ತದೆ, ಫಲಿತಾಂಶ ಕೆಡುತ್ತದೆ ಎಂದು ಮೊದಲ ದಿನಕ್ಕೇ ನಿಲ್ಲಿಸಿದ್ದರಂತೆ. ಅರ್ಧ ಸತ್ಯ. ಮೆಲಾಕ್ಸಿಕ್ಯಾಮ್‌ನಂಥವು ಉರಿಯೂತಕ್ಕೆ ಕೈ ಹಾಕುತ್ತವೆ, ನಿಜ. ನೋವಿನ ಸುದ್ದಿ ಮಿದುಳಿಗೆ ಮುಟ್ಟದಂತೆ ತಡೆಯುವ ಬುಪ್ರಿನಾರ್ಫಿನ್‌ನಂಥವು ಬೇರೆಯೇ ಇವೆ. ಅವೂ ಮೊಲದ ಕರುಳನ್ನು ನಿಧಾನ ಮಾಡಬಲ್ಲವು, ಆದ್ದರಿಂದ ಪ್ರಮಾಣ ನೋಡಿ, ಕಣ್ಣಿಟ್ಟು ಕೊಡಬೇಕು. ಈ ತೂಕದ ನಿರ್ಧಾರ ಮಾಡುವುದಕ್ಕೇ ಪಶುವೈದ್ಯರು ಬೇಕು. ಅಲ್ಲದೆ ನೋವು ಸುಮ್ಮನೆ ಕೂರುವುದಿಲ್ಲ. ನೋವು ತಿನ್ನುವ ಪ್ರಾಣಿಯ ಒತ್ತಡದ ಹಾರ್ಮೋನು ಏರಿ, ರೋಗನಿರೋಧಕ ಶಕ್ತಿ ಕುಗ್ಗಿ, ಗಾಯ ಮಾಯುವುದೇ ತಡವಾಗುತ್ತದೆ. ನೋವಿನ ಔಷಧ ಕೊಟ್ಟರೆ ಫಲಿತಾಂಶ ಕೆಡುತ್ತದೆ ಎನ್ನುವವರು ಕೊಡದಿದ್ದರೂ ಕೆಡುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಚರ್ಮದಡಿ ದ್ರವ ಕೊಟ್ಟೆ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಮಗ್ಗುಲಲ್ಲಿಟ್ಟೆ, ನೋವಿಗೆ ಔಷಧ ಕೊಟ್ಟೆ. ಗಾಯದ ಪಟ್ಟಿ ಬಿಚ್ಚಿದಾಗ ಅಂಚೆಲ್ಲ ಕೀವು, ಒಳಕ್ಕೆ ಇಳಿದಿತ್ತು. ಸಂಜೆಯ ಹೊತ್ತಿಗೆ ಮೈ ತಣ್ಣಗಾಗತೊಡಗಿತು. ಇನ್ನು ಉಳಿಯುವುದಿಲ್ಲ ಎಂದು ನಿಶ್ಚಯವಾದ ಮೇಲೆ ಕಾಯಿಸುವುದು ತಪ್ಪು. ವಿದ್ಯಾರ್ಥಿನಿ ಅಷ್ಟರಲ್ಲಿ ಮಳೆಯಲ್ಲಿ ನೆನೆದುಕೊಂಡು ಬಂದಿದ್ದಳು. ಬೇಡ ಎಂದರೂ ಕೇಳದೆ ತಾನೇ ಹಿಡಿದುಕೊಂಡಳು, ಕಲಿಸಿದ ಹಾಗೆಯೇ, ಮುಖವನ್ನು ಕಂಕುಳಿಗೆ ಹುದುಗಿಸಿ. ಬೆಳಕಿಗೆ ಹಿಡಿದಾಗ ಮೊಲದ ಕಿವಿ ಎಳೆಯ ಎಲೆಯಂತೆ ಕಾಣುತ್ತದೆ, ಅಂಚಿನಲ್ಲಿ ಒಂದೇ ನೀಲಿ ಗೆರೆ. ಆ ಗೆರೆಯೊಳಗೆ ಅರಿವಳಿಕೆಯ ಹೆಚ್ಚಿನ ಪ್ರಮಾಣ ಕೊಟ್ಟೆ. ಹಲ್ಲಿನ ಸದ್ದು ನಿಂತಿತು. "ನನಗೆ ಗೊತ್ತೇ ಆಗಲಿಲ್ಲ ಮೇಡಂ" ಎಂದಳು ಹುಡುಗಿ. "ಅದು ಕೂಗಲೇ ಇಲ್ಲವಲ್ಲ."

ಮೊಲ ಸಾಮಾನ್ಯವಾಗಿ ಕೂಗುವುದಿಲ್ಲ. ಬೇಟೆಗೆ ಬೀಳುವ ಪ್ರಾಣಿ ತನ್ನ ನೋವನ್ನು ಬಚ್ಚಿಡುತ್ತದೆ. ಕಾಡಿನಲ್ಲಿ ನರಳಿದ ಮೊಲವನ್ನು ಮೊದಲು ಹುಡುಕುವುದು ನರಿ.

ನನ್ನ ಸಹಿ

ಆ ರಾತ್ರಿ ಮನೆಗೆ ಬಂದು ಪ್ರಸ್ತಾವದ ಪ್ರತಿ ತೆಗೆದು ನೋಡಿದೆ. ಕೊನೆಯ ಪುಟದಲ್ಲಿ ನನ್ನ ಸಹಿ ಇತ್ತು. "ಅಗತ್ಯಬಿದ್ದರೆ ಪಶುವೈದ್ಯರ ಸಲಹೆ ಪಡೆಯಲಾಗುವುದು" ಎಂಬ ಸಾಲಿನ ಕೆಳಗೆ. ಅಗತ್ಯ ಬಿತ್ತೆಂದು ತೀರ್ಮಾನಿಸುವವರು ಯಾರು, ಯಾವ ಲಕ್ಷಣ ಕಂಡರೆ, ಎಷ್ಟು ಗಂಟೆಯೊಳಗೆ ಎಂಬ ಒಂದು ಮಾತೂ ಅದರಲ್ಲಿರಲಿಲ್ಲ. ನಾನು ಕೇಳಿರಲೂ ಇಲ್ಲ. ಆ ದಿನ ಸಮಿತಿಯ ಮುಂದೆ ಒಂದೇ ಮಧ್ಯಾಹ್ನಕ್ಕೆ ಒಂಬತ್ತು ಪ್ರಸ್ತಾವಗಳಿದ್ದವು. ಮೊಲಗಳ ಸಂಖ್ಯೆ ಕಡಿಮೆ ಮಾಡಬಹುದೇ ಎಂದು ಕೇಳಿದ್ದೆ, ಅರಿವಳಿಕೆ ಯಾವುದು ಎಂದು ಕೇಳಿದ್ದೆ. ಶಸ್ತ್ರಚಿಕಿತ್ಸೆಯ ನಂತರದ ಗುರುವಾರದ ಬಗ್ಗೆ ಕೇಳಲಿಲ್ಲ.

1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು ಮೂರು ಸೂತ್ರ ಹೇಳಿದರು. ಸಾಧ್ಯವಾದಲ್ಲಿ ಪ್ರಾಣಿಗೆ ಬದಲಿ ಹುಡುಕು, ಸಂಖ್ಯೆ ಇಳಿಸು, ಉಳಿದವುಗಳ ನೋವನ್ನು ಕಡಿಮೆ ಮಾಡುವಂತೆ ವಿಧಾನವನ್ನು ತಿದ್ದು. ನಮ್ಮ ದೇಶ ಅದಕ್ಕೆ ನಾಲ್ಕನೆಯದಾಗಿ ಪುನರ್ವಸತಿಯನ್ನು ಸೇರಿಸಿಕೊಂಡಿದೆ, ಅದು ನನಗೆ ಹೆಮ್ಮೆಯ ಸಂಗತಿ. ಸಮಿತಿಗಳಲ್ಲಿ ಮೊದಲೆರಡರ ಬಗ್ಗೆ ಚೆನ್ನಾಗಿಯೇ ಚರ್ಚೆಯಾಗುತ್ತದೆ, ಅವು ಕಾಗದದ ಮೇಲೆ ಎಣಿಸಲು ಬರುತ್ತವೆ. ಮೂರನೆಯದು ಪಂಜರದ ಮುಂದೆ ನಿಂತವರಿಗೆ ಮಾತ್ರ ತಿಳಿಯುವಂಥದ್ದು, ಅದು ಹೆಚ್ಚಾಗಿ ಪಶುವೈದ್ಯರ ಪಾಲಿನದು.

ಕಾನೂನು ಈ ವಿಷಯದಲ್ಲಿ ಕುರುಡಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 17ನೇ ಕಲಂ ಓದಿದರೆ, ಬರೆದವರಿಗೆ ಪ್ರಾಣಿಯ ನೋವಿನ ಅರಿವು ಇತ್ತೆಂದು ತಿಳಿಯುತ್ತದೆ. ಪ್ರಯೋಗಗಳು ಎಚ್ಚರಿಕೆಯಿಂದ, ಮಾನವೀಯತೆಯಿಂದ ನಡೆಯಬೇಕು, ಪ್ರಯೋಗದ ಮೊದಲೂ ನಂತರವೂ ಪ್ರಾಣಿಗಳ ಆರೈಕೆಯಾಗಬೇಕು, ಸಂಸ್ಥೆಯಲ್ಲಿ ನಡೆಯುವ ಪ್ರಯೋಗದ ಹೊಣೆ ಆ ಸಂಸ್ಥೆಯ ಮುಖ್ಯಸ್ಥರದು ಎನ್ನುತ್ತದೆ. 1998ರ ನಿಯಮಗಳು ಬಂದ ಮೇಲೆ ಪ್ರತಿ ಸಂಸ್ಥೆಯಲ್ಲಿಯೂ ಪ್ರಾಣಿ ನೈತಿಕತಾ ಸಮಿತಿ ಇರಲೇಬೇಕಾಯಿತು, ಅದರಲ್ಲಿ ಪಶುವೈದ್ಯರೂ ಒಬ್ಬ ಸದಸ್ಯರು. ಆದರೆ ಸಮಿತಿಯ ಕುರ್ಚಿ ಬೇರೆ, ಪಂಜರದ ಮುಂದಿನ ಅಧಿಕಾರ ಬೇರೆ. ಅಮೆರಿಕದ ಪ್ರಯೋಗಾಲಯಗಳು ಪಾಲಿಸುವ ಮಾರ್ಗದರ್ಶಿಯಲ್ಲಿ ಈ ಮಾತು ಬಿಡಿಸಿ ಹೇಳಿದೆ. ಸಂಶೋಧಕರು ಸಿಗದಿದ್ದರೆ ಅಥವಾ ಒಮ್ಮತ ಮೂಡದಿದ್ದರೆ ಪ್ರಾಣಿಗೆ ಚಿಕಿತ್ಸೆ ಕೊಡುವ, ಪ್ರಯೋಗದಿಂದ ಹೊರತೆಗೆಯುವ, ಬೇಕಾದರೆ ದಯಾಮರಣ ಕೊಡುವ ಅಧಿಕಾರ ಪಶುವೈದ್ಯರಿಗೆ ಇರಬೇಕು ಎಂದು. ನಾನು ಆ ಶನಿವಾರ ಮಾಡಿದ್ದು ಅದನ್ನೇ. ಆದರೆ ಹಾಗೆ ಮಾಡಬಹುದು ಎಂದು ಸಂಸ್ಥೆಯ ಯಾವ ಕಾಗದವೂ ನನಗೆ ಹೇಳಿರಲಿಲ್ಲ. ಸೋಮವಾರ ಗೈಡ್ ಬಂದು, "ಕೇಳದೆ ಹೇಗೆ ಮಾಡಿದಿರಿ?" ಎಂದಾಗ ತೋರಿಸಲು ನನ್ನ ಬಳಿ ಇದ್ದದ್ದು ಬರಿದಾದ ತಟ್ಟೆಯ ಒಂದು ಫೋಟೋ.

ಮಂಗನ ಕಾಯಿಲೆಯ ಊರಿನಲ್ಲಿ

ಇಷ್ಟು ಬರೆದದ್ದನ್ನು ಓದಿ ಕೆಲವರು, ಹಾಗಾದರೆ ಪ್ರಯೋಗಗಳನ್ನೇ ನಿಲ್ಲಿಸಿ ಎನ್ನಬಹುದು. ಶಿವಮೊಗ್ಗ ಜಿಲ್ಲೆಯಲ್ಲಿ ಕುಳಿತು ಆ ಮಾತು ಹೇಳಲು ನನಗೆ ಬಾಯಿ ಬರುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಜನ ಜ್ವರದಿಂದ ಮಲಗಿದರು, ಲೋಕಕ್ಕೆ ಹೊಸ ವೈರಾಣುವೊಂದು ನಮ್ಮ ಕಾಡಿನ ಹೆಸರಿನಲ್ಲೇ ಪರಿಚಯವಾಯಿತು. ಉಣುಗಿನ ಮೂಲಕ ಹರಡುವ ಆ ವೈರಾಣುವಿನ ಗುಟ್ಟು ಬಿಡಿಸಲು, ಬೆಳೆಸಲು, ಅಳೆಯಲು ಸಾವಿರಾರು ಬಿಳಿ ಇಲಿಮರಿಗಳು ಬಳಕೆಯಾದವು. ನಮ್ಮವರು ತೋಳಿಗೆ ಹಾಕಿಸಿಕೊಂಡ ಲಸಿಕೆ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆದದ್ದು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಮೇಲೆದ್ದಾಗ ಜನ ದರಗು ತರಲು ಕಾಡಿಗೆ ಹೋಗುವುದಕ್ಕೇ ಹೆದರಿದರು, ಉಣುಗು ಹತ್ತದಂತೆ ಮೈಗೆ ಡಿಎಂಪಿ ಎಣ್ಣೆ ಹಚ್ಚಿಕೊಂಡು ತೋಟಕ್ಕೆ ಇಳಿದರು. ಆ ಹೊತ್ತಿನಲ್ಲಿ ಸತ್ತ ಮುಸಿಯವೊಂದರ ಶವಪರೀಕ್ಷೆಗೆ ಮೈತುಂಬ ರಕ್ಷಾಕವಚ ತೊಟ್ಟು ನಿಂತ ಸಹೋದ್ಯೋಗಿಗಳು ನನಗಿದ್ದಾರೆ. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಹೊಸದೊಂದು ಬರಲಿ ಎಂದು ಕಾಡಂಚಿನ ಪ್ರತಿ ಮನೆ ಕಾಯುತ್ತಿದೆ. ಅದು ಬರುವ ದಾರಿ ಯಾವುದೋ ಪ್ರಾಣಿಗೃಹದ ಮೂಲಕವೇ ಹಾದು ಬರುತ್ತದೆ.

ಆದ್ದರಿಂದಲೇ ನನಗೆ ಇದು ಇಷ್ಟು ಮುಖ್ಯ. ಬೇಡವೆಂದು ಕೈ ತೊಳೆದುಕೊಂಡವರಿಗೆ ಗುರುವಾರದ ಮೊಲದ ಹೊಣೆ ಇಲ್ಲ. ಬೇಕು ಎಂದು ಒಪ್ಪಿಕೊಂಡ ನಮಗೆ ಇದೆ. ಬದಲಿ ದಾರಿಗಳು ತೆರೆಯುತ್ತಿವೆ ಎಂಬುದೂ ನಿಜ. ಜೀವಶಾಸ್ತ್ರದ ತರಗತಿಗಳಲ್ಲಿ ಕಪ್ಪೆ ಕೊಯ್ಯುವುದು ನಿಂತಿದೆ, ಪ್ರಾಣಿಗಳ ಮೇಲೆ ಮಾಡುತ್ತಿದ್ದ ಕೆಲವು ಔಷಧ ಪರೀಕ್ಷೆಗಳ ಬದಲಿಗೆ ಬೇರೆ ವಿಧಾನಗಳನ್ನು ಬಳಸಲು ಹೊಸ ಔಷಧಗಳ ನಿಯಮಗಳಿಗೆ ಬಂದ 2023ರ ತಿದ್ದುಪಡಿ ನಮ್ಮಲ್ಲೂ ಅವಕಾಶ ಕೊಟ್ಟಿದೆ. ಅವೆಲ್ಲ ಬೇಗ ಬೆಳೆಯಲಿ. ಅಲ್ಲಿಯವರೆಗೆ ಪಂಜರದಲ್ಲಿ ಇರುವುದು ಇಂದಿನ ಮೊಲ.

ಒಂದು ಕಲಂ

ಮುಂದಿನ ಸಮಿತಿ ಸಭೆಯಲ್ಲಿ ಜಗಳವಾಡಿದೆ. ಪ್ರತಿ ಪ್ರಸ್ತಾವದಲ್ಲಿ ಯಾವ ಹಂತಕ್ಕೆ ಬಂದರೆ ನಿಲ್ಲಿಸಬೇಕು ಎಂಬುದು ಲಕ್ಷಣದ ಹೆಸರು ಹೇಳಿ ಬರೆದಿರಬೇಕು, ಇಲ್ಲದಿದ್ದರೆ ಸಹಿ ಹಾಕುವುದಿಲ್ಲ ಎಂದೆ. ಸಂಶೋಧಕರು ಸಿಗದಾಗ ಪಶುವೈದ್ಯರ ತೀರ್ಮಾನವೇ ಅಂತಿಮ ಎಂದು ಸಂಸ್ಥೆಯ ಮುಖ್ಯಸ್ಥರ ಸಹಿಯೊಂದಿಗೆ ಕಾಗದ ಬೇಕು ಎಂದೆ. ಪಶುವೈದ್ಯರು ವರದಿ ಒಪ್ಪಿಸುವುದು ಮುಖ್ಯಸ್ಥರಿಗೇ ಆಗಬೇಕು, ಯಾರ ಪ್ರಯೋಗವನ್ನು ಪ್ರಶ್ನಿಸಬೇಕಾದೀತೋ ಅವರಿಗೆ ಅಲ್ಲ. ಒಬ್ಬರು ಹಿರಿಯ ಪ್ರಾಧ್ಯಾಪಕರು ಇದರಿಂದ ಸಂಶೋಧನೆ ನಿಧಾನವಾಗುತ್ತದೆ ಎಂದರು. ಸಮಿತಿಯಲ್ಲಿ ವಿಜ್ಞಾನೇತರ ಸದಸ್ಯರಾಗಿದ್ದ ನಿವೃತ್ತ ಮೇಷ್ಟ್ರು ಅಷ್ಟು ಹೊತ್ತು ಸುಮ್ಮನಿದ್ದವರು, "ಸರ್, ಆ ಮೊಲದ ಗಾಯದ ಅಳತೆ ಸೋಮವಾರ ಸಿಕ್ಕಿದ್ದರೂ ಅದು ಸೊಪ್ಪಿನ ಅಳತೆಯೋ ಕೀವಿನ ಅಳತೆಯೋ?" ಎಂದು ಕೇಳಿದರು. ಮೊದಲನೆಯದು ಒಪ್ಪಿಗೆಯಾಯಿತು. ಎರಡನೆಯ ಕಾಗದ ಇನ್ನೂ ಕಡತದಲ್ಲಿದೆ, ಪ್ರತಿ ಸಭೆಯಲ್ಲಿ ಕೇಳುತ್ತಿದ್ದೇನೆ.

ನನ್ನ ಮೊಬೈಲ್ ಸಂಖ್ಯೆಯನ್ನು ದೊಡ್ಡದಾಗಿ ಬರೆದು ಪ್ರಾಣಿಗೃಹದ ಬಾಗಿಲಿಗೆ ಅಂಟಿಸಿದೆ. ಸಹಾಯಕರೊಂದಿಗೆ ಒಂದು ಮಧ್ಯಾಹ್ನ ಕುಳಿತು, ನೀವು ಕಂಡದ್ದನ್ನೆಲ್ಲ ನನಗೆ ಹೇಳಬೇಕು, ಪ್ರಯೋಗದ ಪ್ರಾಣಿಯೂ ಪ್ರಾಣಿಯೇ, ತಪ್ಪಾದರೂ ಅಡ್ಡಿಯಿಲ್ಲ, ರಾತ್ರಿಯಾದರೂ ಅಡ್ಡಿಯಿಲ್ಲ ಎಂದು ಹೇಳಿದೆ. ಅವರು ತಲೆಯಾಡಿಸಿದರು, ಹೆಚ್ಚು ಮಾತಾಡಲಿಲ್ಲ.

ಮುಂದಿನ ವಾರ ಹೋದಾಗ ದಿನಚರಿಯ ರಿಜಿಸ್ಟರ್ ತೆರೆದೆ. ಕೋಣೆಯ ಉಷ್ಣಾಂಶ, ತೇವಾಂಶ, ಆಹಾರ, ನೀರು ಎಂದು ಅಚ್ಚಾದ ಕಲಂಗಳ ಬಲಕ್ಕೆ ಅಡಿಕೋಲಿಟ್ಟು ನೀಲಿ ಪೆನ್ನಿನಲ್ಲಿ ಹೊಸದೊಂದು ಗೆರೆ ಎಳೆದಿದ್ದರು. ಮೇಲೆ ದುಂಡಗೆ, ಒತ್ತಿ ಬರೆದಿದ್ದರು: ಹಿಕ್ಕೆ. ಅದರ ಕೆಳಗೆ ಪ್ರತಿ ಪಂಜರಕ್ಕೂ ದಿನಕ್ಕೆ ಎರಡು ಹೊತ್ತು ಇದೆ, ಇದೆ, ಇದೆ. ಬುಧವಾರದ ಸಂಜೆ ಐದನೆಯ ಪಂಜರದ ಎದುರು ಮಾತ್ರ "ಕಡಿಮೆ" ಎಂದು ಬರೆದು, ಪಕ್ಕದಲ್ಲಿ "ಮೇಡಂಗೆ ಫೋನು ಮಾಡಿದೆ, 6.10" ಎಂದಿತ್ತು. ಆ ಕರೆ ಬಂದಾಗ ನಾನು ಗಾಂಧಿ ಬಜಾರಿನಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದೆ. ಚೀಲವನ್ನು ಅಂಗಡಿಯಲ್ಲಿಯೇ ಬಿಟ್ಟು ಆಟೋ ಹತ್ತಿದೆ.